ಮೆಟ್ಟಿಲ ಮೇಲೆ ಉಳಿದ ನಾಲಿಗೆ

ಬಿಳಿಯ ಗವರ್ನರು ಆಕ್ರಾದ ಶಾಸನ ಸಭೆಗೆ ನೇಮಿಸಿದ ದೊರೆ ನಾನಾ ದಾರ್ಕೊ ಅವರದು ಹಿರಿಯರ ಕಾಲದ ಗತ್ತು: ನಾಲ್ಕು ಜನರೆದುರು ದೊರೆ ತಾನೇ ಬಾಯಿ ಬಿಡಬಾರದು, ವಕ್ತಾರನ ಕಿವಿಯಲ್ಲಿ ಉಸುರಬೇಕು, ಅವನು ಕೋಲು ಹಿಡಿದು ಸಾರಬೇಕು. ಕಡಲೆಕಾಯಿ ಸಾರಿಗೆ ಉಪ್ಪು ಸಾಲದೆಂದು ಹೆಂಡತಿಗೆ ಹೇಳುವುದೂ ವಕ್ತಾರ ಬೋತ್ವೆಯ ಕೆಲಸವೇ. ಸದಸ್ಯರಲ್ಲದವರಿಗೆ ಸಭೆಯಲ್ಲಿ ಜಾಗವಿಲ್ಲ. ಹಾಗಾಗಿ ಹನ್ನೊಂದು ವರ್ಷ ಬೋತ್ವೆ ಹೊರಗೆ ಮೆಟ್ಟಿಲ ಮೇಲೆ, ದೊರೆ ಒಳಗೆ ರೇಷ್ಮೆ ಹೊದ್ದು ಮೌನವಾಗಿ. "ಒಳಗೇನಂದ್ರಿ, ನಾನಾ?" ಎಂದು ಬೋತ್ವೆ ಕೇಳಿದರೆ, "ನೀನಿಲ್ದೆ ಏನನ್ಲೋ, ಮಾರಾಯಾ?" ಎನ್ನುವರು. ಅವರ ಕಾಡನ್ನು ಸರ್ಕಾರಕ್ಕೆ ಸೇರಿಸುವ ಮಸೂದೆ ಬಂದ ದಿನ ನಾನಾ, ಬೋತ್ವೆ ನಿಂತಿರಬೇಕಾಗಿದ್ದ ಎಡಬದಿಗೆ ಬಾಗಿ, "ಕೊಡಲ್ಲ ಅನ್ನು, ಬೋತ್ವೆ. ನಮ್ಮ ಹಿರಿಯರು ಅಲ್ಲೇ ಮಲಗಿದಾರೆ ಅನ್ನು" ಎಂದು ಗಾಳಿಗೆ ಉಸುರಿದರು. ಗುಮಾಸ್ತ ಬರೆದುಕೊಂಡ: ಯಾರ ವಿರೋಧವೂ ಇಲ್ಲ.