ಒಂದು ಕಣ್ಣು ಮುಚ್ಚಿ ಕಳಸ ನೋಡಿ

ಬೆಳಗಿನ ಆರೂವರೆ. ಕೊಡಿಗೇಹಳ್ಳಿಯ ಹಳೇ ಊರಿನ ಮುನೇಶ್ವರನ ಗುಡಿಯಲ್ಲಿ ಗಂಟೆ ಕೇಳಿಸುತ್ತದೆ. ಎದುರಿನ ಅರಳಿಕಟ್ಟೆಯ ಮೇಲೆ ಬ್ಯಾಟರಾಯಪ್ಪ ತಗಡಿನ ಪೆಟ್ಟಿಗೆ ತೆರೆದು, ಊದುಬತ್ತಿ ಬೆಳಗಿ, ಓದುವ ಕನ್ನಡಕಗಳನ್ನು ಒಂದೊಂದಾಗಿ ಒರೆಸಿಡುತ್ತಾರೆ. ಅರವತ್ನಾಲ್ಕರ ಇವರದು ಇಪ್ಪತ್ತೆಂಟು ವರ್ಷಗಳ ವ್ಯಾಪಾರ.

ಕೇಳಿದ ಕೂಡಲೇ ಕನ್ನಡಕ ಕೊಡುವವರಲ್ಲ. “ಅಂಗೈಲಿ ಒಂದ್ ಕಣ್ ಮುಚ್ಕಳಿ. ಗುಡಿ ಕಳಸ ಕಾಣ್ತದಾ? ಈಗ ಇನ್ನೊಂದ್ ಮುಚ್ಕಳಿ.” ಯಾಕೆ ಹೀಗೆ ಎಂದು ನಾನು ಕೇಳಿದರೆ ನಗುತ್ತಾರೆ. “ಜೋಡೆತ್ತಿನಂಗೆ ಕಣ್ರೀ. ಒಂದು ಕುಂಟಿದ್ರೆ ಇನ್ನೊಂದು ಎಳ್ಕಂಡ್ ಓಗ್ತದೆ. ನಮ್ಗೆ ಗೊತ್ತೇ ಆಗಲ್ಲ.”

ನಲವತ್ತು ದಾಟಿದವರು ಪೇಪರನ್ನು ದೂರ ಹಿಡಿದು ಓದಿದರೆ ಅದು ವಯಸ್ಸಿನದು, ಕನ್ನಡಕ ಸಾಕು. ಕಳಸ ಮಸುಕಾದವರಿಗೆ, ಕಣ್ಣೆದುರು ಮಿಂಚು ಹೊಡೆದಂತೆ, ಪರದೆ ಇಳಿದಂತೆ ಆಗುವವರಿಗೆ ಅವರು ಮಾರುವುದಿಲ್ಲ. ದಿನಕ್ಕೆ ಹದಿನೈದು ಜನ ಬಂದರೆ ನಾಲ್ವರನ್ನಾದರೂ ಬರಿಗೈಲಿ ಕಣ್ಣಾಸ್ಪತ್ರೆಗೆ ಕಳಿಸುತ್ತಾರೆ.

ಈ ಪಾಠ ಕಲಿತದ್ದು ಅಕ್ಕ ಮುನಿಯಲ್ಲಮ್ಮನಿಂದ. “ಮಬ್ಬು ಅಂದ್ಲು, ನಂಬರ್ ಏರಿಸ್ದೆ. ಮೂರ್ ಸಲ ಏರಿಸ್ದೆ. ಕಣ್ಣೊಳಗಿನ ಒತ್ತಡ ನರಾನೇ ತಿಂತಿತ್ತು. ಓದ ದೃಷ್ಟಿ ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಈಗ ನನ್ ಕೆಮ್ಮು ಕೇಳಿ ಗುರ್ತಿಡೀತಾಳೆ.”

ಮಾತಿನ ನಡುವೆ ಗಿಡಗಳ ನರ್ಸರಿಯ ಕಾವಲುಗಾರ ಚಿಕ್ಕಮಾರಯ್ಯ ಬಲಗಣ್ಣಿಗೆ ಟವೆಲ್ ಒತ್ತಿಕೊಂಡು ಬರುತ್ತಾರೆ.

“ಮದ್ರಾಸ್ ಐ ಕಣ್ಲಾ. ಎಂಡ್ರು ನಂದಿಬಟ್ಲು ಊ ಕಟ್ಟಿದ್ಲು, ಮಬ್ಬು ಓಗಿಲ್ಲ. ದೊಡ್ಡ ನಂಬರ್ ಕೊಡು.”

“ನಂದಿಬಟ್ಲು ದೇವ್ರಿಗಿಡು, ಕಣ್ಗೆ ಬ್ಯಾಡ. ತೆಗಿ ಟವೆಲ್ಲು.” ಕಣ್ಣು ಕೆಂಡದಂತಿದೆ, ಆದರೆ ಮದ್ರಾಸ್ ಐನಂತೆ ಪಿಸುರು ಕಟ್ಟಿಲ್ಲ. “ನೋವು?”

“ತಲೆ ಒಡೆದೋಗ್ತದೆ. ಎಲ್ಡ್ ಸಲ ವಾಂತಿನೂ ಆಯ್ತು. ಬಲ್ಬಿನ ಸುತ್ತ ಬಣ್ಣದ ಬಳೆ ಕಾಣ್ತವೆ.”

ಬ್ಯಾಟರಾಯಪ್ಪ ಕೈಲಿದ್ದ ಕನ್ನಡಕವನ್ನು ಪೆಟ್ಟಿಗೆಗೆ ಹಾಕುತ್ತಾರೆ. “ಈಗ್ಲೇ ಆಸ್ಪತ್ರೆಗೆ ನಡಿ.”

“ನಾಳೆ ಓದ್ರಾಯ್ತು ಬುಡು. ಯಾಪಾರ ಬ್ಯಾಡ್ವೇನ್ಲಾ ನಿಂಗೆ?”

“ನಾಳೆ ಅಂದ್ರೆ ಏನಾಯ್ತದೆ ಅಂತ ನಮ್ಮಕ್ಕನ್ನ ಕೇಳು.”

ಇಬ್ಬರು ಗಿರಾಕಿಗಳು ಕಾಯುತ್ತಿದ್ದರೂ ಬ್ಯಾಟರಾಯಪ್ಪ ಪೆಟ್ಟಿಗೆ ಮುಚ್ಚುತ್ತಾರೆ. ಚಿಕ್ಕಮಾರಯ್ಯನನ್ನು ಆಟೊದಲ್ಲಿ ಕೂರಿಸಿಕೊಂಡು ಹೆಬ್ಬಾಳದ ಕಣ್ಣಾಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಯ ವೈದ್ಯರು ಒತ್ತಡ ಇಳಿಸುವ ಔಷಧಿಯನ್ನು ತಕ್ಷಣ ಶುರು ಮಾಡುತ್ತಾರೆ. ಇನ್ನೊಂದು ದಿನ ತಡೆದಿದ್ದರೆ ಕಣ್ಣು ಉಳಿಯುವುದು ಕಷ್ಟವಿತ್ತು ಎನ್ನುತ್ತಾರೆ.

ಹತ್ತು ದಿನದ ಮೇಲೆ ನಾನು ಮತ್ತೆ ಕಟ್ಟೆಗೆ ಹೋದಾಗ ಚಿಕ್ಕಮಾರಯ್ಯ ಅಲ್ಲೇ ಇದ್ದಾರೆ. ಯಾರೂ ಹೇಳದಿದ್ದರೂ ಎಡಗಣ್ಣು ಮುಚ್ಚಿ ಗುಡಿಯತ್ತ ಮುಖ ಎತ್ತುತ್ತಾರೆ.

“ಕಳಸ ಕಾಣ್ತದೆ ಕಣ್ಲಾ. ಮ್ಯಾಲ್ ಕುಂತಿರೋ ಕಾಗೆನೂ ಕಾಣ್ತದೆ.”

“ಕಾಗೆ ಕಂಡ್ರೆ ಸಾಕು ಬುಡು,” ಎಂದು ಬ್ಯಾಟರಾಯಪ್ಪ ಕೈಲಿದ್ದ ಕನ್ನಡಕ ಒರೆಸುತ್ತಾರೆ. ಅಂದು ಯಾಕೋ ಬೇಗನೆ ಪೆಟ್ಟಿಗೆ ಕಟ್ಟುತ್ತಾರೆ.

“ಮನೆಗೋಗಿ ಅಕ್ಕಂಗೆ ಏಳ್ಬೇಕು,” ಎನ್ನುತ್ತಾರೆ, “ಒಂದ್ ಕಣ್ಣು ಉಳೀತು ಅಂತ.”