ಗೌರವ್ವನ ಹೊಲಕ್ಕೆ ಬಂದ ವಿಮಾನ

“ನಮ್ಮ ಹೊಲಕ್ಕ ಇಮಾನ ಯಾವಾಗ ಬರ್ತೈತ್ರಿ? ಹುಳ ಹತ್ತಿ ತಿನ್ನಾಕತ್ತಾವ” ಎಂದು ಸಿಂದಗಿ ಬಳಿಯ ಬಯಲಲ್ಲಿ ರೈತ ಮಹಿಳೆ ಗೌರವ್ವ ನನ್ನನ್ನು ತಡೆದು ಕೇಳಿದರು. ಎಪ್ಪತ್ತರ ದಶಕದಲ್ಲಿ, ಬೆಳೆಗೆ ಔಷಧಿ ಸಿಂಪಡಿಸುವ ವಿಮಾನದ ಹಾರಾಟ ಯೋಜಿಸುವುದು ನನ್ನ ಕೆಲಸವಾಗಿತ್ತು. ಅವರ ಸರದಿ ಇನ್ನೂ ದೂರವಿತ್ತು. 

ಸರದಿ ಬೇಗ ತರಲಾದೀತೇ ಎಂದು ನೋಡಲು, ವಿಮಾನ ಇಳಿಯುವ ಜಾಗದಲ್ಲಿ ಗಡಿಯಾರ ಹಿಡಿದು ಕುಳಿತೆ. ಹಾರುವ, ಇಳಿಯುವ, ಔಷಧಿ ತುಂಬುವ ಹೊತ್ತು ಕೂಡಿಸಿ ಸರಳ ಲೆಕ್ಕ ಹಾಕಿದಾಗ, ವಿಮಾನ ಹಾರುವುದಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೆ ಔಷಧಿಗಾಗಿ ಕಾಯುತ್ತಿದೆ ಎಂದು ತಿಳಿಯಿತು. ಅದು ಇಳಿಯುವ ಮೊದಲೇ ಔಷಧಿ ಕಲಸಿ ಇಡುವಂತೆ ಮಾಡಿದೆ. ಸರದಿ ಬೇಗ ಬೇಗ ಸರಿದು, ಮರುದಿನ ಸಂಜೆಯೊಳಗೆ ಗೌರವ್ವನ ಹೊಲದ ಸಿಂಪಡಣೆ ಮುಗಿಯಿತು. ವಾರ ಕಳೆದು ಅವರು ರೊಟ್ಟಿ ಗಂಟು ತಂದು, “ಬೆಳಿ ಉಳೀತ್ರಿ, ಉಂಡ ಹೋಗ್ರಿ” ಎಂದರು.

ಮುಂದೆ ವಿಮಾನ ಕಾರ್ಖಾನೆಯಲ್ಲಿ ಇಂಥ ಲೆಕ್ಕಗಳಲ್ಲೇ ನೌಕರಿಯ ವರ್ಷಗಳನ್ನು ಕಳೆದೆ. ಪ್ರತಿ ಲೆಕ್ಕದ ಆಚೆ ಯಾರು ಕಾಯುತ್ತಿದ್ದಾರೆ ಎಂದು ಕೇಳಿಕೊಳ್ಳುವ ರೂಢಿ ಮಾತ್ರ ಆ ಬಯಲಲ್ಲೇ ಬಂದದ್ದು.