ಹಸೆಗೋಡೆಗೆ ಹಚ್ಚಿದ ಕಣ್ಣೀರು

ಕನ್ನಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಸಾಗರದ ಕಡೆಯಿಂದ ಹೊಸನಗರದವರೆಗೆ ದೀವರ ಜನರ ಮನೆಗಳಲ್ಲಿ ಮದುವೆ ಗೊತ್ತಾದರೆ, ಗೋಡೆಗೆ ಹಸೆ ಚಿತ್ತಾರ ಬರೆಯಲು ಮೊದಲು ನೆನಪಾಗುತ್ತಿದ್ದುದು ಅವಳ ಹೆಸರೇ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ, ಪುಂಡಿ ನಾರಿನ ಕುಂಚದಿಂದ ಅವಳು ಗೆರೆ ಎಳೆಯುತ್ತಿದ್ದಳು. ಮದುಮಕ್ಕಳನ್ನು ಕೂರಿಸುತ್ತಿದ್ದುದು ಆ ಚಿತ್ತಾರದ ಮುಂದೆ.

ಅವಳ ತಮ್ಮ ಮಾಸ್ತಪ್ಪನ ಮಗಳು ಸರೋಜಳಿಗೆ ಹದಿನೇಳು ವರ್ಷ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದಳು. ಕತೆ ಬರೆಯಬೇಕೆಂಬ ಆಸೆ ಮಾತ್ರ ಬಿಟ್ಟಿರಲಿಲ್ಲ. ನೋಟುಬುಕ್ಕಿನಲ್ಲಿ ಹನ್ನೊಂದು ಕತೆ ಶುರು ಮಾಡಿದ್ದಳು, ಒಂದನ್ನೂ ಮುಗಿಸಿರಲಿಲ್ಲ.

“ಮನಸ್ಸು ಬಂದಾಗ ಬರೀತೀನಿ ಅತ್ತೆ,” ಎಂದಿದ್ದಳು ಒಮ್ಮೆ.

“ನಿನ್ ಮನ್ಸೇನು ಶಿವಮೊಗ್ಗದಿಂದ ಬಸ್ಸಲ್ಲಿ ಬತ್ತದನೆ? ನಾನು ಹಂಗೆ ಕಾಯ್ತಾ ಕೂತ್ರೆ ಅರೆದ ಅಕ್ಕಿ ಹುಳಿ ಬತ್ತದೆ. ದಿನಾ ಕೂರು. ಒಂದು ಸಾಲು ಮುಗಿಸ್ದೆ ಏಳಬ್ಯಾಡ.”

ಅಂದಿನಿಂದ ಸರೋಜ ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಹಿತ್ತಿಲ ಜಗಲಿಯಲ್ಲಿ ಕೂತು ಒಂದು ಪುಟ ಬರೆಯತೊಡಗಿದಳು. ಬಂದರೂ ಬಾರದಿದ್ದರೂ ಒಂದು ಪುಟ. ಹಾಗೆ ಮೊದಲ ಬಾರಿಗೆ ಮುಗಿದದ್ದು ಅತ್ತೆಯ ಬಗ್ಗೆಯೇ ಬರೆದ ಬರಹ. ಎರಡು ವರ್ಷದ ಹಿಂದೆ, ಅರವತ್ನಾಲ್ಕನೇ ಇಸವಿಯಲ್ಲಿ, ಅಣೆಕಟ್ಟಿನ ನೀರಿಗೆ ಅವರ ಊರು ಮುಳುಗುವ ಮುಂಚೆ ಮನೆ ಬಿಟ್ಟ ದಿನದ ಕತೆ ಅದು. ಶಿವಮೊಗ್ಗದ ಒಂದು ವಾರಪತ್ರಿಕೆ ಅದನ್ನು ಅಚ್ಚು ಹಾಕಿತು.

ಅದರಲ್ಲಿ ಒಂದು ವಾಕ್ಯ ಸರೋಜಳಿಗೆ ಬಹಳ ಇಷ್ಟವಾಗಿತ್ತು: “ಬಣ್ಣದ ಕರಟಕ್ಕೆ ಅವಳ ಕಣ್ಣೀರು ಬಿತ್ತು, ಆ ಕಣ್ಣೀರಿನಲ್ಲೇ ಕುಂಚ ಅದ್ದಿ ಅವಳು ಹಸೆಯ ಕೊನೆಯ ಗೆರೆ ಎಳೆದಳು.” ಪತ್ರಿಕೆಯನ್ನು ಅತ್ತೆಗೆ ಓದಿ ಹೇಳುವಾಗ ಆ ವಾಕ್ಯ ಬಂದ ಕೂಡಲೇ ನಾಲಿಗೆ ತಡವರಿಸಿತು. ಅದನ್ನು ಬಿಟ್ಟು ಮುಂದೆ ಓದಿದಳು. ಕನ್ನಮ್ಮ ತಲೆದೂಗಿ, “ಅಚ್ಚಿನಲ್ಲಿ ನಾ ಚಂದ ಕಾಣ್ತೀನಲ್ಲೆ,” ಎಂದು ನಕ್ಕಿದ್ದಳು.

ಆ ತಿಂಗಳಲ್ಲೇ ಪಕ್ಕದ ಊರಿನ ಗುತ್ಯಪ್ಪನ ಮಗಳಿಗೆ ಮದುವೆ ಗೊತ್ತಾಯಿತು. ಹೊಸ ಊರಿಗೆ ಬಂದ ಮೇಲೆ ಇಷ್ಟು ದೊಡ್ಡ ಮನೆಯ ಹಸೆ ಬರೆಯುವ ಯೋಗ ಕನ್ನಮ್ಮನಿಗೆ ಬಂದಿರಲಿಲ್ಲ. ಅವಳು ನಾರು ಜಜ್ಜಿ ಕುಂಚ ಮಾಡಿಟ್ಟುಕೊಂಡು, ಅವರು ವೀಳ್ಯ ತಂದು ಕರೆಯುವುದನ್ನೇ ಕಾಯುತ್ತಿದ್ದಳು. ಎಂಟು ದಿನ ಕಳೆದರೂ ಯಾರೂ ಬರಲಿಲ್ಲ.

ಸಾಗರದ ಸಂತೆಯಲ್ಲಿ ಸರೋಜಳಿಗೆ ಗುತ್ಯಪ್ಪನೇ ಸಿಕ್ಕಿದ.

“ಪೇಪರು ನಾನೇ ಓದಿ ಹೇಳ್ದೆ ಕಣಮ್ಮಾ ಮನೇಲಿ. ಚಂದ ಬರ್ದಿದೀಯ. ಆದ್ರೆ ನಮ್ಮವ್ವ ಒಪ್ಪಾದಿಲ್ಲ. ಹಸೆಗೆ ಕಣ್ಣೀರು ಕಲ್ಸಿದ ಕೈ ನಮ್ಮನೆ ಗೋಡೆಗೆ ಬ್ಯಾಡ ಅಂತ ಕೂತದೆ.”

ಸರೋಜ ಸಂತೆ ಅರ್ಧಕ್ಕೇ ಬಿಟ್ಟು ಮನೆಯ ದಾರಿ ಹಿಡಿದಳು. ಅತ್ತೆ ಕಣ್ಣೀರು ಹಾಕಿರಲೇ ಇಲ್ಲ. ಊರು ಬಿಟ್ಟ ಆ ದಿನ ಹೆಂಚು ಇಳಿಸಿಯಾಗಿತ್ತು, ಗಾಡಿ ಕಟ್ಟಿಯಾಗಿತ್ತು. ಕನ್ನಮ್ಮ ಮಾತ್ರ ಕರಟ ಹಿಡಿದು ಗೋಡೆಯ ಮುಂದೆ ಕೂತಿದ್ದಳು. ಹಳೆಯ ಹಸೆಯ ಒಂದು ಮೂಲೆಯ ಅಂಚು ಅರ್ಧಕ್ಕೇ ಉಳಿದಿತ್ತಂತೆ. ನೀರಲ್ಲಿ ಮುಳುಗುವ ಗೋಡೆಗೆ ಅವಳು ಅಂಚು ತುಂಬುತ್ತಿದ್ದಳು. ಗಾಡಿಯ ಮೇಲಿಂದ ಮಾಸ್ತಪ್ಪ ಕೂಗಿಕೊಂಡಾಗ ಒಳಗಿನಿಂದಲೇ ಬೈದಿದ್ದಳು. ಇದನ್ನು ಬರೆದರೆ ಪೇಟೆಯವರು ಅತ್ತೆಯನ್ನು ಹುಚ್ಚಿ ಎಂದು ನಕ್ಕಾರು ಎಂದು ಸರೋಜ ನಾಚಿದ್ದಳು. ನಾಚಿ, ಕಣ್ಣೀರು ಹಾಕಿಸಿದ್ದಳು.

ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ಓದುವಾಗ ವಾಕ್ಯ ನುಂಗಿದ್ದನ್ನೂ ಹೇಳಿದಳು. ಕನ್ನಮ್ಮ ಕುಂಚದ ನಾರು ಬಿಡಿಸುತ್ತಲೇ ಕೇಳಿದಳು.

“ನಾ ಸಾಲು ಮುಗಿಸಿ ಬಾಗ್ಲಿಗೆ ಹೋಗಿ ನಿಂತು ನೋಡ್ತೀನಲ್ಲ, ಎಂತಕ್ಕೆ ಗೊತ್ತನೆ? ಹತ್ರ ಕೂತಾಗ ಸೊಟ್ಟ ಗೆರೇನೂ ಚಂದ ಕಾಣ್ತದೆ. ನೀ ಬಾಗ್ಲಿಗೆ ಹೋಗ್ಲೇ ಇಲ್ಲ.”

ಅತ್ತೆ ಬೈದಿದ್ದರೇ ವಾಸಿಯಿತ್ತು ಎನಿಸಿತು ಸರೋಜಳಿಗೆ.

ಮರುದಿನ ಬೆಳಿಗ್ಗೆ ಒಬ್ಬಳೇ ಗುತ್ಯಪ್ಪನ ಮನೆಗೆ ನಡೆದಳು. ಅಂಗಳದಲ್ಲಿ ಚಪ್ಪರಕ್ಕೆ ಕಂಬ ನೆಡುತ್ತಿದ್ದರು. ಜಗಲಿಯ ಮೇಲೆ ಗುತ್ಯಪ್ಪನ ತಾಯಿ ಕೆರಿಯಮ್ಮ ಕೂತಿದ್ದಳು. ಅಷ್ಟು ಜನರ ಮುಂದೆ ಸರೋಜಳ ದನಿ ಏಳಲಿಲ್ಲ.

“ಎಂತ ಹೇಳ್ತಿ ಹುಡುಗಿ? ಗಟ್ಟಿ ಹೇಳು, ನಂಗೆ ಕಿವಿ ಮಂದ,” ಎಂದಳು ಕೆರಿಯಮ್ಮ.

“ಅತ್ತೆ ಅಳಲಿಲ್ಲ ಅಜ್ಜಿ. ನಾನು ಸುಳ್ಳು ಬರೆದೆ.”

ಕಂಬ ಹಿಡಿದವರು ತಿರುಗಿ ನೋಡಿದರು. ಸರೋಜ ನೆಲ ನೋಡುತ್ತಲೇ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಬೈಗುಳದ ಮಾತು ಬಂದಾಗ ಯಾರೋ ಕಿಸಕ್ಕನೆ ನಕ್ಕರು. ಕೆರಿಯಮ್ಮ ನಗಲಿಲ್ಲ.

“ಮುಳುಗೋ ಗೋಡೆಗೆ ಅಂಚು ತುಂಬಿದ್ಲಾ?” ಎಂದು ಎರಡು ಸಲ ಕೇಳಿದಳು. ಆಮೇಲೆ ನಿಟ್ಟುಸಿರುಬಿಟ್ಟಳು. “ಇದನ್ನೇ ಬರ್ದಿದ್ರೆ ನಾನೇ ಹೋಗಿ ಕರ್ಕಂಡು ಬರ್ತಿದ್ದೆ. ಈಗ ಬ್ಯಾರೆಯವ್ರಿಗೆ ವೀಳ್ಯ ಕೊಟ್ಟಾಗದೆ ಮಗಾ. ಕೊಟ್ಟ ವೀಳ್ಯ ವಾಪಸ್ ತಗಣಕ್ಕಾಗಾದಿಲ್ಲ.”

ಸರೋಜ ಬಂದ ದಾರಿಯಲ್ಲೇ ಹಿಂದಿರುಗಿದಳು. ಮನೆಯಲ್ಲಿ ಕನ್ನಮ್ಮ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಸೇರಿಸುತ್ತಿದ್ದಳು. ಸುದ್ದಿ ಕೇಳಿ, “ಹೂಂ,” ಎಂದಳು, ಅಷ್ಟೇ. ಆ ಮಧ್ಯಾಹ್ನ ಸರೋಜ ನೋಟುಬುಕ್ಕು ಮುಟ್ಟಲಿಲ್ಲ. ಪಾತ್ರೆ ತೊಳೆದು ಸುಮ್ಮನೆ ಕೂತಿದ್ದಳು.

“ಅಕ್ಕಿ ಹುಳಿ ಬತ್ತದೆ,” ಎಂದಳು ಕನ್ನಮ್ಮ, ಅವಳ ಕಡೆ ನೋಡದೆ.

ಆ ಬರಹವನ್ನು ಮತ್ತೆ ಬರೆದು ಮುಗಿಸಲು ನಾಲ್ಕು ದಿನ ಹಿಡಿಯಿತು. ಗುತ್ಯಪ್ಪನ ಮನೆಯಿಂದ ಮದುವೆಯ ವಾದ್ಯ ಕೇಳುತ್ತಿದ್ದ ದಿನ ಸರೋಜ ಅತ್ತೆಯ ಮುಂದೆ ಕೂತು ಹೊಸ ಬರಹವನ್ನು ಓದಿದಳು. ಒಂದು ವಾಕ್ಯವನ್ನೂ ಬಿಡಲಿಲ್ಲ. ಕನ್ನಮ್ಮ ಕಣ್ಣು ಮುಚ್ಚಿ ಕೇಳಿದಳು. ಬೈಗುಳದ ಜಾಗ ಬಂದಾಗ ಕೈ ಎತ್ತಿದಳು.

“ನಿಮ್ಮಪ್ಪಂಗೆ ನಾ ಕತ್ತೆ ಅಂದಿಲ್ಲ. ಕೋಣ ಅಂದೆ.”

ಸರೋಜ ಕತ್ತೆಯನ್ನು ಹೊಡೆದು ಹಾಕಿ ಕೋಣ ಎಂದು ಬರೆದಳು. ಆಮೇಲೆ ನೋಟುಬುಕ್ಕು ಹಿಡಿದು ಎದ್ದುಹೋಗಿ ಬಾಗಿಲಲ್ಲಿ ನಿಂತು, ಮೊದಲಿನಿಂದ ಮತ್ತೊಮ್ಮೆ ಓದತೊಡಗಿದಳು.